ಬರ್ತಾನೋ, ಇಲ್ಲೋ?

ಮೊನ್ನೆ ಭಾನುವಾರ ಟಿ.ವಿ.ಯಲ್ಲಿ ‘ಮುತ್ತಿನ ಹಾರ’ ಬಂತು. ಒಲೆಯ ಮೇಲೆ ಬೇಳೆ ಇಟ್ಟು, ಒಂದು ನಿಮಿಷ ನೋಡಿ ಬರೋಣವೆಂದು ಕುಳಿತವಳು ತಳ ಹಿಡಿದ ವಾಸನೆ ಬಂದಾಗಲೇ ಎದ್ದೆ. ದಾಲ್ ಮಿಲ್ಲುಗಳ ನಡುವೆ ಇರುವ ನಮ್ಮ ಕಪನೂರಿನಲ್ಲಿ ತೊಗರಿಬೇಳೆ ಸೀಯಿಸುವುದೆಂದರೆ ಸಣ್ಣ ಅಪರಾಧವಲ್ಲ. “ಎಷ್ಟು ಸಲ ನೋಡ್ತಿ ಅವ್ವ, ಮುಂದೇನಾಗ್ತದ ಅಂತ ನಿಂಗ ಗೊತ್ತೇ ಅದಲ್ಲ” ಎಂದು ಮಗಳು ನಕ್ಕಳು. ಗೊತ್ತಿದೆ ನಿಜ. ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ. ಅಷ್ಟೇ ಅಲ್ಲ, ಹಾಗೆ ಹೊಡೆದುಕೊಳ್ಳುವುದು ನನಗೆ ಇಷ್ಟ. ಇಷ್ಟವಾಗುವುದು ಸರಿಯೇ ಎಂಬುದು ನನ್ನ ಮೂವತ್ತು ವರ್ಷಕ್ಕೂ ಹಳೆಯ ಪ್ರಶ್ನೆ.

ನಾನು ರಾಜೇಂದ್ರಸಿಂಗ್ ಬಾಬು ಅವರ ಅಭಿಮಾನಿ. ಸಿನಿಮಾ ಎಂದರೆ ನಾಯಕ, ನಾಯಕಿ, ಹಾಡು ಎಂದುಕೊಂಡಿದ್ದ ವಯಸ್ಸಿನಲ್ಲಿ, ಇವರೆಲ್ಲರ ಹಿಂದೆ ನಿರ್ದೇಶಕನೆಂಬ ಒಬ್ಬನಿರುತ್ತಾನೆ ಎಂದು ನನಗೆ ತಿಳಿದದ್ದು ‘ಬಂಧನ’ದಿಂದ. ಉಷಾ ನವರತ್ನರಾಂ ಅವರ ಆ ಕಾದಂಬರಿಯನ್ನು ಗೆಳತಿಯರೆಲ್ಲ ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. 1984ರಲ್ಲಿ ಬಂದ ಚಿತ್ರವನ್ನು ಪುಸ್ತಕಕ್ಕೆ ಹೋಲಿಸಿ ಜಗಳವಾಡಿದ್ದೆವು. ಅದೇ ನಿರ್ದೇಶಕರು, ಅದೇ ವಿಷ್ಣುವರ್ಧನ್, ಸುಹಾಸಿನಿ ಸೇರಿ 1990ರಲ್ಲಿ ‘ಮುತ್ತಿನ ಹಾರ’ ಮಾಡಿದಾಗ ನಾನು ಬಿ.ಎ. ವಿದ್ಯಾರ್ಥಿನಿ. ಕೊಡಗಿನ ಸಿಪಾಯಿ ಅಚ್ಚಪ್ಪ, ಅವನ ಗಾಯಕ್ಕೆ ಆರೈಕೆ ಮಾಡಿದ ನರ್ಸ್ ಅನ್ನಪೂರ್ಣ. ಮದುವೆ, ಮಗ, ಯುದ್ಧ, ಅಗಲಿಕೆ. ಹಂಸಲೇಖ ಅವರ ಸಂಗೀತದಲ್ಲಿ ಬಾಲಮುರಳಿಕೃಷ್ಣ ಅವರ ದನಿ. ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ನೀವೂ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿರುತ್ತೀರಿ.

ಇಂಥ ಚಿತ್ರ ನಮ್ಮನ್ನು ಕುರ್ಚಿಯ ಅಂಚಿಗೆ ತಂದು ಕೂರಿಸುವುದು ಹೇಗೆ? ಹಿಚ್‌ಕಾಕ್ ಎಂಬ ದೊಡ್ಡ ನಿರ್ದೇಶಕ ಇದನ್ನು ಸರಳವಾಗಿ ವಿವರಿಸಿದ್ದಾನೆ. ಇಬ್ಬರು ಹರಟುತ್ತ ಕುಳಿತಿದ್ದಾರೆ, ಮೇಜಿನ ಕೆಳಗಿನ ಬಾಂಬು ಥಟ್ಟನೆ ಸಿಡಿಯುತ್ತದೆ. ನಮಗಾಗುವುದು ಕ್ಷಣದ ಗಾಬರಿ. ಬಾಂಬು ಇದೆಯೆಂದು ನಮಗೆ ಮೊದಲೇ ಗೊತ್ತಿದ್ದು, ಅವರಿಗೆ ಮಾತ್ರ ಗೊತ್ತಿಲ್ಲದಿದ್ದರೆ? ಆಗ ಅವರ ಪೊಳ್ಳು ಹರಟೆಯ ಒಂದೊಂದು ಮಾತೂ ನಮ್ಮ ಜೀವ ಹಿಂಡುತ್ತದೆ. ಅದೇ ಸಸ್ಪೆನ್ಸ್. ಅಚ್ಚಪ್ಪ ಶತ್ರುಗಳ ಸೆರೆ ಸಿಕ್ಕಾಗ ನಾವು ಪಡುವ ಸಂಕಟವೂ ಇಂಥದೇ. ಅವನ ಗತಿ ನಮಗೆ ಕಾಣುತ್ತದೆ, ಮನೆಯಲ್ಲಿ ಕಾಯುವವಳಿಗೆ ಕಾಣುವುದಿಲ್ಲ.

ಆ ಸಿನಿಮಾಕ್ಕೆ ನಮ್ಮ ಆಯಿಯನ್ನೂ ಕರೆದುಕೊಂಡು ಹೋಗಿದ್ದೆ. ನಾನು ಮುಂದಿನ ಕುರ್ಚಿ ಹಿಡಿದು, “ಬರ್ತಾನೋ ಇಲ್ಲೋ, ಬರ್ತಾನೋ ಇಲ್ಲೋ” ಎಂದು ಪಿಸುಗುಡುತ್ತಿದ್ದೆ. ಆಯಿ ತಲೆ ತಗ್ಗಿಸಿ ಕುಳಿತಿದ್ದಳು. ಹೊರಗೆ ಬಂದು, ಎಷ್ಟು ಚೆಂದ ಇತ್ತಲ್ಲ ಆಯಿ ಎಂದರೆ ಅವಳು ಹೇಳಿದ್ದು ಇಷ್ಟು: “ಮೂರು ತಾಸಿಗಿ ಮುಗೀತದ ಅಂತ ನಿನಗ ಗೊತ್ತಿತ್ತು. ನಮಗ ಗೊತ್ತಿದ್ದಿಲ್ಲ.”

ಅವಳು ಹೇಳಿದ್ದು 1948ರ ಮಾತು. ರಜಾಕಾರರ ಹಾವಳಿಯಲ್ಲಿ ಮುತ್ಯಾ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದ. ಕಮಲಾಪುರದ ಕಡೆಯ ಹಳ್ಳಿಯಲ್ಲಿ ಆಯಿ ಮಡಿಲ ಕೂಸಿನೊಂದಿಗೆ ಒಬ್ಬಳೇ. ರಾತ್ರಿ ನಾಯಿ ಬೊಗಳಿದರೂ ಏಳುವಳು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮ ಶರಣಾದ, ಮುತ್ಯಾ ಮನೆಗೆ ಬಂದ. ಸಿನಿಮಾ ಆಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆಯಿ ಅಲ್ಲಿಗೆ ಮುಗಿಸಲಿಲ್ಲ. “ಬಾಜೂ ಮನಿ ಮುಸಲ್ಮಾನರ ಹೆಣಮಗಳು, ನನ್ನ ವಾರಿಗೀದಾಕಿ. ಆವಾಗ ಆಕಿ ಬಾಗಲ ಕಡಿ ನೋಡ್ಕೋತ ಕುಂತಳು. ನಮ್ಮವರು ಬಂದ್ರು. ಆಕಿ ಗಂಡ ಬರಲಿಲ್ಲ.” ಆ ದಿನಗಳ ಹಿಂಸೆಯನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲರ ತಂಡ ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯನ್ನೂ ಹೆಸರಿಸಿತ್ತೆಂದು ನಾನು ಓದಿದ್ದು ಬಹಳ ತಡವಾಗಿ. ಆಯಿಗೆ ವರದಿ ಬೇಕಿರಲಿಲ್ಲ. ಅವಳಿಗೆ ಆ ಬಾಗಿಲು ನೆನಪಿತ್ತು.

ಇಷ್ಟು ಕೇಳಿದವಳು ನಾನು ತಿದ್ದಿಕೊಂಡೆನೆ? ಇಲ್ಲ. 1999ರಲ್ಲಿ ಕಾರ್ಗಿಲ್ ಯುದ್ಧ ಟಿ.ವಿ.ಯ ಮೂಲಕ ಮನೆಮನೆಗೆ ಬಂತು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ, ನಾನು ಹಿಂದಿನ ರಾತ್ರಿಯ ಸುದ್ದಿಯನ್ನು ಏಳನೆಯ ತರಗತಿಗೆ ಧಾರಾವಾಹಿಯಂತೆ ಹೇಳುತ್ತಿದ್ದೆ. ಯಾವ ಶಿಖರ ಹತ್ತಿದರು, ಕತ್ತಲಲ್ಲಿ ಹೇಗೆ ಹತ್ತಿದರು ಎಂದು ದನಿ ಏರಿಸಿ, ಇಳಿಸಿ ಹೇಳಿ, “ನಾಳೆ ಏನಾಗ್ತದ ನೋಡೋಣ” ಎಂದು ಪುಸ್ತಕ ಮುಚ್ಚುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಕೊನೆಯ ಬೆಂಚಿನ ಒಬ್ಬ ಹುಡುಗಿ ತಟ್ಟುತ್ತಿರಲಿಲ್ಲ. ಯಾಕೆಂದು ಗದರಿಸಿಯೇ ಕೇಳಿದೆ. “ನಮ್ಮ ಅಣ್ಣ ಅಲ್ಲೇ ಇದ್ದಾನ್ರಿ ಟೀಚರ್. ಕಾಗದ ಬಂದಿಲ್ಲ” ಎಂದಳು. ಆಮೇಲೆ ಅವನು ಸುಖವಾಗಿ ಬಂದ. ಆದರೂ ನಾನು ಅವಳ ಅಣ್ಣನನ್ನು ಒಂದು ತಿಂಗಳು ಕತೆಯಾಗಿ ಮಾರಿದ್ದು ಮಾರಿದ್ದೇ.

ಹಾಗಾದರೆ ಯುದ್ಧದ ಚಿತ್ರ ನೋಡಲೇಬಾರದೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ, ಹೇಳಿದರೆ ನಾನೇ ಪಾಲಿಸುವುದಿಲ್ಲ. ಆದರೆ ಒಂದು ವ್ಯತ್ಯಾಸ ಕಾಣುತ್ತದೆ. ಎಷ್ಟೋ ಚಿತ್ರಗಳು ನಮ್ಮನ್ನು ಬಂದೂಕಿನ ಹಿಂದೆ ನಿಲ್ಲಿಸುತ್ತವೆ. ಅಲ್ಲಿಂದ ನೋಡಿದರೆ ಬೀಳುವವರು ಬರೀ ಲೆಕ್ಕ. ಬಾಬು ಅವರ ಚಿತ್ರ ಬಂದೂಕು ತೋರಿಸಿದರೂ ಕೊನೆಗೆ ಅನ್ನಪೂರ್ಣೆಯ ಪಕ್ಕದಲ್ಲಿ ನಿಲ್ಲಿಸುತ್ತದೆ. ಅಲ್ಲಿ ನಿಂತವರಿಗೆ ಗೆಲುವಿಗಿಂತ ಮೊದಲು ಒಂದೇ ಪ್ರಶ್ನೆ: ಬರ್ತಾನೋ, ಇಲ್ಲೋ? ಆ ಪ್ರಶ್ನೆ ಗಡಿಯ ಎರಡೂ ಕಡೆ ಒಂದೇ.

ಅದೇ ಕೊಡಗಿನ ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, 1965ರಲ್ಲಿ ಪಾಕಿಸ್ತಾನದ ಸೆರೆಯಾದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು, ಬೇಕಾದರೆ ಮಗನನ್ನು ಬಿಡುತ್ತೇನೆಂದರಂತೆ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಬೇಡ ಎಂದರಂತೆ ತಂದೆ. ಇದನ್ನು ಓದಿದಾಗಲೆಲ್ಲ ಹೆಮ್ಮೆಯಾಗುತ್ತದೆ. ಜೊತೆಗೇ, ಆ ಮಾತಿನ ನಂತರದ ರಾತ್ರಿಗಳನ್ನು ಆ ತಂದೆ ಹೇಗೆ ಕಳೆದರೋ ಎನಿಸುತ್ತದೆ.

ಪರದೆಯ ಮುಂದೆ ಎದೆ ಹೊಡೆದುಕೊಳ್ಳುವುದು ತಪ್ಪಲ್ಲ. ದೀಪ ಹತ್ತಿದ ಮೇಲೆ ಆ ಆತಂಕವನ್ನು ಕುರ್ಚಿಯಲ್ಲೇ ಬಿಟ್ಟು ಬರುತ್ತೇವಲ್ಲ, ತಪ್ಪು ಅಲ್ಲಿದೆ ಎಂದು ನನಗೆ ತೋರುತ್ತದೆ. ಸಿನಿಮಾ ಕಾಯುವುದನ್ನು ಮೂರು ತಾಸು ಕಲಿಸುತ್ತದೆ. ಉಳಿದ ಪಾಠ ನಮ್ಮದು.

ನಮ್ಮ ಗಲ್ಲಿಯಲ್ಲಿ ಮೂರನೆಯ ಮನೆಯ ಹುಡುಗ ಗಡಿ ಕಾಯುತ್ತಾನೆ. ಭಾನುವಾರ ಅವನ ಫೋನು ಬರುವ ದಿನ. ಸಿನಿಮಾ ಮುಗಿದ ಮೇಲೆ ಮತ್ತೆ ಬೇಳೆ ಬೇಯಿಸಿ, ಒಂದು ಬಟ್ಟಲು ತುಂಬಿಕೊಂಡು ಅವನ ತಾಯಿಯ ಹತ್ತಿರ ಹೋದೆ. “ಬಂತೇನ್ರಿ ಫೋನು?” ಎಂದೆ. “ಇನ್ನೂ ಇಲ್ರಿ, ಬರ್ರಿ, ಕುಂದರ್ರಿ” ಎಂದರು. ಕುಳಿತೆ.