ಸ್ವಾತಂತ್ರ್ಯ ಮಂದಿರದ ಹಿತ್ತಲು

ನಮ್ಮ ಅಜ್ಜ 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಹಂಸಭಾವಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅವರು ಹತ್ತಿಯ ಕಥೆಯೊಂದನ್ನು ಹೇಳುತ್ತಿದ್ದರು. ಅದು ಅವರು ತಮ್ಮ ಅಜ್ಜನಿಂದ ಕೇಳಿದ್ದು: “ಅಮೇರಿಕಾದಾಗ ಲಡಾಯಿ ಹತ್ತಿತ್ತು, ನಮ್ಮ ಎರಿ ಹೊಲದಾಗ ಬಂಗಾರ ಬೆಳೀತು.” ಮಾತು ಸುಳ್ಳಲ್ಲ. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಂತಾಗಿ, ಧಾರವಾಡ ಸೀಮೆಯ ಹತ್ತಿಗೆ ಎಂದಿಲ್ಲದ ಬೆಲೆ ಬಂದಿತು.

ಮುಂದೆ ಆ ಯುದ್ಧದ ಚರಿತ್ರೆಯನ್ನು ಓದುವಾಗ ನನ್ನನ್ನು ಬಹಳವಾಗಿ ಕಾಡಿದವನು ಅಲೆಕ್ಸಾಂಡರ್ ಸ್ಟೀಫನ್ಸ್ ಎಂಬ ವಕೀಲ. 1812ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿ, 14ನೆಯ ವಯಸ್ಸಿಗೆ ತಬ್ಬಲಿಯಾಗಿ, ಪರರ ನೆರವಿನಿಂದ ಓದಿದವನು. ಒಕ್ಕೂಟವನ್ನು ತೊರೆಯಬಾರದೆಂದು 1861ರ ಜನವರಿಯಲ್ಲಿ ವಾದಿಸಿ ಸೋತ. ಸೋತಮೇಲೆ ಗೆದ್ದವರ ಜೊತೆಗೇ ನಿಂತು, ದಕ್ಷಿಣದವರ ತಾತ್ಕಾಲಿಕ ಶಾಸನಸಭೆಯ ಸದಸ್ಯನೂ ಉಪಾಧ್ಯಕ್ಷನೂ ಆದ. ಯುದ್ಧ ನಡೆದಿರುವಾಗಲೇ ತನ್ನ ಸರಕಾರವನ್ನು ಎದುರಿಸಿದ. ಪ್ರಜೆಗಳನ್ನು ಬಲವಂತದಿಂದ ಸೈನ್ಯಕ್ಕೆ ಸೇರಿಸಬಾರದು, ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು ಎಂದು 1864ರಲ್ಲಿ ಜಾರ್ಜಿಯಾದ ಶಾಸನಸಭೆಯೆದುರು ಗುಡುಗಿದ.

ಎಂಥ ಧೀರ ಎನ್ನಬೇಕೆನಿಸುತ್ತದೆ. ಆದರೆ ಇದೇ ಮನುಷ್ಯ 1861ರ ಮಾರ್ಚಿನಲ್ಲಿ, ಕರಿಯರು ಬಿಳಿಯರಿಗೆ ಸಮಾನರಲ್ಲವೆಂಬ ತತ್ತ್ವವೇ ತಮ್ಮ ಹೊಸ ಸರಕಾರದ ಮೂಲೆಗಲ್ಲು ಎಂದು ಸಾರಿದ್ದ. ಅವನ ಮನೆಯ ಹೆಸರು ‘ಲಿಬರ್ಟಿ ಹಾಲ್’, ಸ್ವಾತಂತ್ರ್ಯ ಮಂದಿರ! ಅದರ ಹಿತ್ತಲಿನಲ್ಲಿ ಗುಲಾಮರ ಗುಡಿಸಲುಗಳು.

ಇವನನ್ನು ಕಪಟಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಕಪಟಿಗೆ ತನ್ನ ಸುಳ್ಳು ತಿಳಿದಿರುತ್ತದೆ. ಸ್ಟೀಫನ್ಸನಿಗೆ ತಿಳಿದಿರಲಿಲ್ಲವೆಂದೇ ನನ್ನ ಊಹೆ. ಅದೇ ಹೆಚ್ಚು ಭಯಂಕರ. ಸ್ವಾತಂತ್ರ್ಯವನ್ನು ಪ್ರೀತಿಸುವುದು ಬೇರೆ, ತನ್ನವರ ಸ್ವಾತಂತ್ರ್ಯವನ್ನು ಪ್ರೀತಿಸುವುದು ಬೇರೆ. ಎರಡಕ್ಕೂ ಇರುವ ಶಬ್ದ ಒಂದೇ ಆದ್ದರಿಂದ, ಆಡುವವನೇ ಮೊದಲು ಮೋಸಹೋಗುತ್ತಾನೆ.

ಇದನ್ನು ಬರೆಯುವಾಗ ನನಗೆ ನಮ್ಮ ಕೊಟ್ಟಿಗೆ ನೆನಪಾಗುತ್ತದೆ. ಅದರ ಗೂಡಿನಲ್ಲಿ ಒಂದು ಹಳೆಯ ಗಂಗಾಳವಿತ್ತು. ಹಿಂದೆ ನಮ್ಮಲ್ಲಿ ಸಾಲಕ್ಕಾಗಿ ಜೀತಕ್ಕಿದ್ದ ಆಳಿನದು. 1976ರ ಕಾಯಿದೆ ಬರುವವರೆಗೂ ಅವನು ನಮ್ಮಲ್ಲಿ ದುಡಿದನಂತೆ. “ಮನಿ ಮಗನಂಗ ಇದ್ದ” ಎನ್ನುತ್ತಿದ್ದರು ಅಜ್ಜ. ಒಂದು ದಿನ ಕೇಳಿದೆ: “ಹಂಗಾದ್ರ ಅವನ ಗಂಗಾಳ ಕೊಟ್ಟಿಗ್ಯಾಗ ಯಾಕಿತ್ತು, ಅಜ್ಜಾ?”

ಬ್ರಿಟಿಷರಿಗೆ ಹೆದರದ ಅಜ್ಜ ಆ ದಿನ ಉತ್ತರ ಕೊಡಲಿಲ್ಲ. ಬಹಳ ಹೊತ್ತು ಹೊಲದ ಕಡೆಗೆ ನೋಡುತ್ತ ಕುಳಿತರು. ಅವರ ಮೇಲಿನ ನನ್ನ ಗೌರವ ಆಗ ಕುಗ್ಗಲಿಲ್ಲ. ಸ್ಟೀಫನ್ಸ್ ಸೋತ ಮೇಲೆ, ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ ಎಂದು ಎರಡು ದೊಡ್ಡ ಸಂಪುಟಗಳಲ್ಲಿ ವಾದಿಸಿದ. ಅಜ್ಜ ವಾದಿಸಲಿಲ್ಲ.

ಹಿತ್ತಲಿಲ್ಲದ ಮನೆ ಯಾವುದು? ನಾಳೆ ನನ್ನ ಮೊಮ್ಮಗ ನನ್ನ ಮನೆಯ ಹಿತ್ತಲಿಗೆ ಹೋಗಿ ಬಂದು ಒಂದು ಪ್ರಶ್ನೆ ಕೇಳಿಯಾನು. ಆಗ ಸಂಪುಟ ಬರೆಯಲು ಕೂಡದಷ್ಟು ಬುದ್ಧಿ ನನಗಿದ್ದರೆ ಸಾಕು.