ಹಣೆಬರಹ ಮತ್ತು ತೊಡೆಯ ಸ್ನಾಯು

"ನಮ್ಮ ರಕ್ತದಾಗ ಓಟ ಇಲ್ರಿ ಸರ, ಹುಡುಗಗ ಸುಮ್ಮನ ಯಾಕ ತ್ರಾಸ?" ಇಳಕಲ್ಲಿನ ನೇಕಾರರೊಬ್ಬರು ಮಗ್ಗದಿಂದ ಏಳದೆಯೇ ಕೇಳಿದರು. ಹುನಗುಂದ ಸೀಮೆಯಲ್ಲಿ ದೈಹಿಕ ಶಿಕ್ಷಕನಾದ ನನಗೆ ಈ ಮಾತು ಹೊಸದಲ್ಲ. ಹಿರಿಯರು ಹಣೆಬರಹ ಎನ್ನುತ್ತಿದ್ದರು, ಕಲಿತವರು ಈಗ ಜೀನ್ ಎನ್ನುತ್ತಾರೆ. ಬರೆದಾಗಿದೆ, ಇನ್ನು ಮಾಡುವುದೇನೂ ಉಳಿದಿಲ್ಲ ಎಂಬ ನಂಬಿಕೆ ಮಾತ್ರ ಅದೇ. ನಾನು ಇದನ್ನು ಒಪ್ಪುವುದಿಲ್ಲ.

ನಮ್ಮ ಹುಡುಗರು ಇದ್ದ ಬಲವೆಲ್ಲ ಹಾಕಿ ಒಂದು ನಿಮಿಷ ಓಡುತ್ತಾರೆ, ಒಂದು ನಿಮಿಷ ನಡೆಯುತ್ತಾರೆ, ಮತ್ತೆ ಓಡುತ್ತಾರೆ. ಬಾಗಲಕೋಟೆಯ ಸೈಕಲ್ ಪಟುಗಳು ರಸ್ತೆಯ ಮೇಲೆ ಮಾಡುವುದೂ ಇದೇ ಇಂಟರ್ವಲ್ ತರಬೇತಿ. ಆ ಒಂದು ನಿಮಿಷದಲ್ಲಿ ತೊಡೆಯ ಸ್ನಾಯುವಿನ ಇಂಧನವಾದ ಎಟಿಪಿ ಭರಭರನೆ ಖರ್ಚಾಗುತ್ತದೆ. ಕೊರತೆಯನ್ನು ಎಎಂಪಿಕೆ ಎಂಬ ಕಿಣ್ವ ಗುರುತಿಸಿ ಜೀವಕೋಶದ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಕೆಲವೇ ಗಂಟೆಗಳಲ್ಲಿ ಪಿಜಿಸಿ-1 ಆಲ್ಫಾ ಜೀನ್ ಚುರುಕಾಗುತ್ತದೆ. ಇದರಿಂದ ವಾರಗಳು ಕಳೆದಂತೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಹೆಚ್ಚುತ್ತವೆ. ಡಿಎನ್‌ಎಯ ಒಂದಕ್ಷರವೂ ಬದಲಾಗಿಲ್ಲ. ಆದರೆ ಆ ಅಕ್ಷರಗಳ ಮೇಲೆ ಕೂತು ಓದಿಗೆ ಅಡ್ಡ ಬರುವ ಮಿಥೈಲ್ ಗುರುತುಗಳಿವೆ. ಒಂದೇ ಸಲದ ಕಠಿಣ ವ್ಯಾಯಾಮಕ್ಕೆ ಈ ಜೀನಿನ ಮೇಲೆ ಅವು ಕಡಿಮೆಯಾಗುವುದನ್ನು 2012ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡ ತೋರಿಸಿತು. ಎರಡು ತಿಂಗಳು ಇಂಟರ್ವಲ್ ತರಬೇತಿ ಮಾಡಿ ಮೂರು ತಿಂಗಳು ಬಿಟ್ಟವರ ಸ್ನಾಯುವಿನಲ್ಲೂ ಕೆಲವು ಜೀನುಗಳ ಮೇಲಿನ ಬದಲಾವಣೆ ಹಾಗೇ ಉಳಿದಿರುವುದು ಈಚೆಗೆ ಕಂಡುಬಂದಿದೆ.

ಮಾಡಿದ ಕೆಲಸ ಮೈಯಲ್ಲಿ ಉಳಿಯುತ್ತದೆ. ನಮ್ಮ ದರ್ಶನಗಳು ಇಂಥದ್ದನ್ನು ಸಂಸ್ಕಾರ ಎಂದವು. ಆದರೆ ಅದನ್ನು ಹಿಂದಿನ ಜನ್ಮಕ್ಕೆ ಕಟ್ಟಿ, ಹುಟ್ಟಿನ ಮೇಲುಕೀಳಿಗೆ ಸಮರ್ಥನೆ ಮಾಡಿಕೊಂಡವರೂ ಇದ್ದರು. ಇಲ್ಲೇ ಕೂಡಲಸಂಗಮದಲ್ಲಿ ಕಲಿತು, ಅಲ್ಲೇ ಐಕ್ಯರಾದ ಬಸವಣ್ಣನವರು 12ನೇ ಶತಮಾನದಲ್ಲಿ ಹುಟ್ಟನ್ನು ಬದಿಗಿಟ್ಟು ಕಾಯಕವನ್ನು ಮುಂದೆ ತಂದರು. ಸ್ನಾಯುವಿನ ಸಾಕ್ಷಿ ಅವರ ಕಡೆಗಿದೆ ಎಂದೇ ನನ್ನ ನಂಬಿಕೆ. ಎಲ್ಲರೂ ಒಂದೇ ಸಮ ಓಡಲಾರರು, ತಂದೆತಾಯಿಯಿಂದ ಬಂದದ್ದು ಸುಳ್ಳಲ್ಲ. ಹಾಗೆಂದು ತೊಡೆಯಲ್ಲಿ ಗಳಿಸಿದ ಗುರುತು ಹೊಲಮನೆಯ ಹಾಗೆ ಮಗನ ಪಾಲಿಗೆ ಬರುವುದಿಲ್ಲ. ಅವರವರ ಕಾಯಕ ಅವರವರೇ ಮಾಡಬೇಕು.

ವಯಸ್ಸಾಯಿತು ಎನ್ನುವವರಿಗೂ ಒಂದು ಮಾತು. ಅಮೆರಿಕದ ಮೇಯೊ ಕ್ಲಿನಿಕ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ವಾರ ಇಂಟರ್ವಲ್ ತರಬೇತಿ ಪಡೆದ ಯುವಕರ ಮೈಟೊಕಾಂಡ್ರಿಯ ಸಾಮರ್ಥ್ಯ ಶೇ 49ರಷ್ಟು ಏರಿತ್ತು. 65 ದಾಟಿದವರಲ್ಲಿ ಶೇ 69ರಷ್ಟು. ಊರಿನ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ: ಮಗನನ್ನೂ ಮಗಳನ್ನೂ ಎರಡು ತಿಂಗಳು ಮೈದಾನಕ್ಕೆ ಕಳಿಸಿ, ವೈದ್ಯರನ್ನು ಕೇಳಿಕೊಂಡು ನೀವೂ ಬನ್ನಿ.