ಬೇರೆ ತಟ್ಟೆ, ಬೇರೆ ಬಾಗಿಲು

*ಇಂದಿನ ಧಮ್ಮ ಚಿಂತನೆ*



ಇವತ್ತಿನ ಪಾಳಿ ನನ್ನದು. ಗಾಥೆ ಏನೂ ತಂದಿಲ್ಲ, ನಮ್ಮ ಮನೆಯ ಎರಡು ನಾಯಿಗಳ ಸುದ್ದಿ ತಂದಿದ್ದೇನೆ. ನಗಬೇಡಿ, ಪೂರ್ತಿ ಓದಿರಿ.

ಕೊಂಕಲ್‌ನ ನಮ್ಮ ಮನೆಯಲ್ಲಿ ಇರುವವೆರಡೂ ಹೆಣ್ಣುನಾಯಿಗಳು. ಕರಿಗೆ ಆರು ವರ್ಷ. ಕೆಂಪಿ ಎರಡು ವರ್ಷದ ಹಿಂದೆ ಮಳೆಯಲ್ಲಿ ತೊಯ್ದು ರಸ್ತೆ ಬದಿಗೆ ಸಿಕ್ಕ ಮರಿ. ಒಂದು ವರ್ಷ ಎರಡೂ ಒಂದೇ ಗೋಣಿಚೀಲದ ಮೇಲೆ ಮಲಗಿದವು. ಆಮೇಲೆ ಜಗಳ ಶುರುವಾಯಿತು. ಬೆದೆಯ ಸಿಟ್ಟು, ಆಪರೇಷನ್ ಮಾಡಿಸಿದರೆ ತಣ್ಣಗಾಗುತ್ತವೆ ಎಂದು ಓಣಿಯವರೆಲ್ಲ ಹೇಳಿದರು. ನಾನೂ ನಂಬಿ ಎರಡಕ್ಕೂ ಮಾಡಿಸಿದೆ. ಹೊಲಿಗೆ ಬಿಚ್ಚಿದ ಮರುವಾರ, ನಾನು ಶಾಲೆಯಿಂದ ಬಂದು ಬಾಗಿಲು ತೆಗೆದೆ. ನೋಡುನೋಡುತ್ತಲೇ ಕೆಂಪಿ ಕರಿಯ ಕಿವಿ ಹರಿದಿತ್ತು. ಬಿಡಿಸಲು ಹೋದ ನನ್ನ ಅಂಗೈಗೂ ಹಲ್ಲು ನಾಟಿತು. (ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆ ಹಾಕಿಸಿಕೊಂಡೆ. ಸಾಕಿದ ನಾಯಿ ತಾನೇ ಎಂದು ಯಾರೂ ಅರಿಶಿನ ಹಚ್ಚಿಕೊಂಡು ಕೂರಬೇಡಿ.)

ಪಶುವೈದ್ಯರು ಹೇಳಿದ್ದು ಸರಳವಾಗಿತ್ತು. ಶಸ್ತ್ರಚಿಕಿತ್ಸೆಯಿಂದ ಮರಿ ಹಾಕುವುದು ನಿಲ್ಲುತ್ತದೆ, ಬೆದೆ ನಿಲ್ಲುತ್ತದೆ, ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯ ಹೋಗುತ್ತದೆ. ಜಗಳ ನಿಲ್ಲುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಒಂದೇ ಮನೆಯ ನಾಯಿಗಳಲ್ಲಿ ಹೆಚ್ಚು ಕಾದಾಡುವವು ಹೆಣ್ಣು-ಹೆಣ್ಣೇ. ಅವು ಕಾದಾಡುವುದು ಕೂಳಿಗೆ, ಜಾಗಕ್ಕೆ, ಬಾಗಿಲಿಗೆ, ಯಜಮಾನರ ಕೈಗೆ. ಅದನ್ನೆಲ್ಲ ಕತ್ತರಿಯಿಂದ ತೆಗೆಯಲಾಗುವುದಿಲ್ಲ.

ನಾಯಿ ಬಾಲ ಡೊಂಕು ಎಂಬ ಗಾದೆಯನ್ನು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದನ್ನೂ ಮಾಡಿದ್ದೇನೆ. ಹುಟ್ಟಿನಲ್ಲೇ ಗುಣ ಹುಡುಕುವ ಈ ಗಾದೆಗಳನ್ನು ಯಾರ ಮೇಲೆ ಬಳಸುತ್ತಿದ್ದರೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಆ ಸಂಜೆ ನಾನು ಆಡಿದ ಮೊದಲ ಮಾತು, "ಬೀದಿ ನಾಯಿ ಬುದ್ಧಿ ಬಿಡಲಿಲ್ಲ ನೋಡು."

ಕುಕ್ಕುರ ಜಾತಕ ನೆನಪಾದದ್ದು ರಾತ್ರಿ. ರಾಜನ ರಥದ ಚರ್ಮವನ್ನು ನಾಯಿಗಳು ಕಡಿದವು. ಊರ ನಾಯಿಗಳನ್ನೆಲ್ಲ ಕೊಲ್ಲಲು ಅಪ್ಪಣೆಯಾಯಿತು, ಅರಮನೆಯ ನಾಯಿಗಳಿಗೆ ಮಾತ್ರ ಮಾಫಿ. ನಾಯಿಗಳ ನಾಯಕನಾಗಿ ಹುಟ್ಟಿದ್ದ ಬೋಧಿಸತ್ವ, ಅರಮನೆಯ ನಾಯಿಗಳಿಗೆ ಮಜ್ಜಿಗೆಯಲ್ಲಿ ಹುಲ್ಲು ಕಲಸಿ ಕುಡಿಸಲು ಹೇಳಿದ. ಚರ್ಮದ ಚೂರುಗಳು ಅವುಗಳ ಹೊಟ್ಟೆಯಿಂದಲೇ ಹೊರಬಿದ್ದವು.

ಮರುದಿನದಿಂದ ಒಂದು ವಾರ ಸುಮ್ಮನೆ ನೋಡಿದೆ, ಕೆಂಪಿಗೆ ಹಗ್ಗ ಕಟ್ಟಿ ದೂರ ಹಿಡಿದುಕೊಂಡೇ. ನಾನು ಗೇಟಿಗೆ ಬಂದೊಡನೆ ಮೊದಲು ಹೊಸ್ತಿಲಿಗೆ ಅಡ್ಡ ನಿಲ್ಲುವುದು ಕರಿ. ಬೊಗಳುವುದಿಲ್ಲ. ಮೈ ಬಿಗಿ ಹಿಡಿದು, ಬಾಲ ನೆಟ್ಟಗೆ ಮಾಡಿ ಕೆಂಪಿಯನ್ನೇ ದಿಟ್ಟಿಸುತ್ತದೆ. ಕೆಂಪಿ ಮುಖ ಹೊರಳಿಸುತ್ತದೆ, ಹಿಂದೆ ಸರಿಯುತ್ತದೆ, ಸರಿಯಲು ಜಾಗ ಮುಗಿದಾಗ ಹಾರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಆ ಕೊನೆಯದೊಂದೇ. ಸದ್ದಿಲ್ಲದೆ ದಾರಿ ಕಟ್ಟಿದವನು ಸಾಧು, ಕೂಗಿದವನು ಪುಂಡ. ಈ ಲೆಕ್ಕ ಊರಲ್ಲೂ ನೋಡಿದ್ದೇವೆ.

ವೈದ್ಯರ ಸಲಹೆಯಂತೆ ಎರಡನ್ನೂ ಬೇರೆ ಮಾಡಿದೆ. ತಟ್ಟೆ ಬೇರೆ, ನೀರಿನ ಬೋಗುಣಿ ಬೇರೆ, ನಡುವೆ ಜಾಲರಿ ಬಾಗಿಲು. ಆಗ ಅವ್ವ ಎದ್ದು ಬಂದಳು. "ಬ್ಯಾರೆ ತಾಟು, ಬ್ಯಾರೆ ಬಾಗ್ಲಾ. ನಮ್ಮನ್ನ ಹೊರಗ ನಿಂದ್ರಿಸಿದ್ದು ಮರ್ತೀಯೇನು?" ಎಂದಳು. ಹೋಟೆಲಿನ ಹೊರಗೆ ಗೂಡಿನಲ್ಲಿಟ್ಟ ಕಪ್ಪನ್ನು ತಾನೇ ತೊಳೆದು ಚಹಾ ಕುಡಿದವಳು ಅವಳು. 1931ರಲ್ಲಿ ಗಾಂಧೀಜಿಯನ್ನು ಕಂಡಾಗ ಬಾಬಾಸಾಹೇಬರು, ನಾಯಿ ಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ನೆಲವನ್ನು ನನ್ನದೆಂದು ಹೇಗೆ ಕರೆಯಲಿ ಎಂದು ಕೇಳಿದ್ದರು. ಅಂಥವರ ಮನೆಯಲ್ಲಿ ನಾಯಿಗೆ ಬೇರೆ ತಟ್ಟೆ ಇಡುವಾಗ ಕೈ ನಡುಗದೇ ಇರುತ್ತದೆಯೇ?

ಅವ್ವನಿಗೆ ಉತ್ತರ ಹುಡುಕಲು ನನಗೆ ಎರಡು ದಿನ ಬೇಕಾಯಿತು. ನಮ್ಮನ್ನು ಹೊರಗಿಟ್ಟಾಗ ಪಾಳಿ ಬದಲಾಗಲಿಲ್ಲ. ಒಳಗಿದ್ದವರು ಒಂದು ದಿನವೂ ಹೊರಗೆ ನಿಲ್ಲಲಿಲ್ಲ, ಗೋಡೆ ತೆಗೆಯುವ ಲೆಕ್ಕವೂ ಯಾರಿಗೂ ಇರಲಿಲ್ಲ. ಹಾಗಾದರೆ ನನ್ನ ಜಾಲರಿ ಬೇರೆಯದು ಎಂದು ಹೇಳಬೇಕಾದರೆ ಪಾಳಿ ಬದಲಾಗಲೇಬೇಕು. ಬೆಳಗ್ಗೆ ಒಂದು ಒಳಗೆ, ಮಧ್ಯಾಹ್ನದಿಂದ ಇನ್ನೊಂದು. ಕಾವಲಿಯ ದಂಡೆಗುಂಟ ದಿನಾ ಎರಡನ್ನೂ ಕರೆದೊಯ್ಯುವುದು, ನಾನೊಂದು ಹಗ್ಗ, ಮಗ ಒಂದು ಹಗ್ಗ, ನಡುವೆ ಹತ್ತು ಹೆಜ್ಜೆ. ಕಳೆದ ತಿಂಗಳಿಂದ ಅದು ನಾಲ್ಕು ಹೆಜ್ಜೆಗೆ ಇಳಿದಿದೆ.

ಇನ್ನೊಂದು ಸಲಹೆ ಮಾತ್ರ ನುಂಗಲಾಗಲಿಲ್ಲ. ಹಿರಿಯ ನಾಯಿಗೆ ಮೊದಲು ಕೂಳು, ಮೊದಲು ಮುದ್ದು ಕೊಡಿ, ಮೇಲು-ಕೀಳು ಗಟ್ಟಿಯಾದರೆ ಜಗಳ ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ. ಶ್ರೇಣೀಕರಣದಿಂದ ಶಾಂತಿ! ಕೆಲವು ಮನೆಗಳಲ್ಲಿ ಇದು ಫಲ ಕೊಡುತ್ತದಂತೆ. ನಾಯಿಗೆ ಮನುಸ್ಮೃತಿ ಗೊತ್ತಿಲ್ಲ ಎಂಬುದೂ ನನಗೆ ಗೊತ್ತು. ಆದರೂ ದಾರಿ ಕಟ್ಟುವವಳನ್ನು ಇನ್ನೂ ಮೇಲೆ ಕೂರಿಸಲು ಮನಸ್ಸಾಗಲಿಲ್ಲ. ಅದರ ಬದಲು ಕಾರಣ ಹುಡುಕಿ ಒಂದೊಂದೇ ತೆಗೆದೆ. ಹೊಸ್ತಿಲು ಇಕ್ಕಟ್ಟು, ಹಿತ್ತಲಿನಿಂದ ಒಳಗೆ ಬರತೊಡಗಿದೆ. ಕೂಳು ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ. ಎಲುಬು ಅಂಗಳದಲ್ಲಿ ಬಿಡುವುದೇ ಇಲ್ಲ. ದಿಟ್ಟಿಸಲು ಶುರುವಾದ ಕೂಡಲೇ ಹೆಸರು ಕರೆದು ಗಮನ ತಿರುಗಿಸುವುದು. ಕಚ್ಚಿಕೊಂಡರೆ ಕೈ ಹಾಕುವುದಿಲ್ಲ, ಕೊಡ ನೀರು ಅಥವಾ ಕೌದಿ ಮೇಲೆ ಎಸೆಯುವುದು. ಕೂಗಾಡುವುದಿಲ್ಲ, ನನ್ನ ಕೂಗು ಅವಕ್ಕೆ ಮೂರನೆಯ ನಾಯಿ.

ನಮ್ಮ ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನವಿದೆಯಲ್ಲ, ಅದರಲ್ಲೊಂದು ಕಡೆ ಅಧಿಕಾರಿಗಳಿಂದ ಸಮನಾದ ನ್ಯಾಯ ತಪ್ಪಿಸುವ ದೋಷಗಳ ಪಟ್ಟಿ ಬರುತ್ತದೆ. ಅಸೂಯೆ, ಸಿಟ್ಟು, ಕ್ರೌರ್ಯ, ಅವಸರಗಳ ಜೊತೆ ದಣಿವನ್ನೂ ಸೇರಿಸಿದ್ದಾನೆ. ನಮ್ಮ ಮನೆಯ ಜಗಳಗಳೆಲ್ಲ ಸಂಜೆ ಐದರ ಮೇಲೆ, ನಾನು ದಣಿದು ಬಂದಾಗಲೇ ಆಗಿವೆ.

ಒಂದು ಪ್ರಶ್ನೆ ಹಾಗೇ ಉಳಿದಿದೆ. ಸಂಬಂಧಿಕರೊಬ್ಬರು ಕೆಂಪಿಯನ್ನು ಹತ್ತಿ ಹೊಲ ಕಾಯಲು ಕೇಳಿದ್ದಾರೆ. ಹಗಲೆಲ್ಲ ಸರಪಳಿ. ಒಳ್ಳೆಯ ಮನೆ ಸಿಕ್ಕರೆ ಕೊಡುವುದು ತಪ್ಪಲ್ಲ ಎಂದು ವೈದ್ಯರೇ ಹೇಳಿದರು. ಕರುಣೆ ಮನುಷ್ಯರಿಗೆ ಸಂಬಂಧಿಸಿದ್ದು, ಮೈತ್ರಿ ಎಲ್ಲ ಜೀವಿಗಳಿಗೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಿಡಿಸಿ ಹೇಳುತ್ತಾರೆ. ನಾನು ಕೆಂಪಿಯನ್ನು ಕೊಡದೇ ಇರುವುದು ಮೈತ್ರಿಯೋ, ಸೋತೆ ಎನ್ನಿಸಿಕೊಳ್ಳಲಾಗದ ಹಟವೋ, ಖಾತ್ರಿಯಿಲ್ಲ. ಸರಪಳಿಗೆ ಮಾತ್ರ ಕೊಡುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ.

ಎಂಟು ತಿಂಗಳಾದವು. ಗೆಳತಿಯರಂತೂ ಆಗಿಲ್ಲ. ಈಗ ಕರಿಯ ಪಾಳಿ, ಒಳಗೆ ಫರ್ಸಿಯ ಮೇಲೆ ಮಲಗಿದೆ. ಅವ್ವ ಜಾಲರಿಯ ಆಚೆ ಕುಳಿತು ಕೆಂಪಿಗೆ ರೊಟ್ಟಿ ಮುರಿದು ಹಾಕುತ್ತಿದ್ದಾಳೆ, ಅದೇ ಬೇರೆ ತಟ್ಟೆಯಲ್ಲಿ.

ಭವತು ಸಬ್ಬ ಮಂಗಲಂ